ಎರಡು ಬಾಟಲಿ ನೀರು

ಇಟಲಿ, ರವಿವಾರ

ಕಬನೂರಿನ ಅತ್ತೆಯವರಿಗೆ ಅಭಯನ ಜಯ ಜಿನೇಂದ್ರ.

ಹೊಸ ಮಗ್ಗದ ತರಬೇತಿ ಇನ್ನೆರಡು ವಾರ ಇದೆ. ಊಟಕ್ಕೆ ತೊಂದರೆಯಿಲ್ಲ. "ಎಲ್ಲಿ ಹೋದ್ರೂ ಓಡೂದ ಬಿಡಬ್ಯಾಡ್ರಿ" ಅಂದಿದ್ದಿರಿ. ಅದಕ್ಕೆ ನಿನ್ನೆ ಇಲ್ಲಿನ ಪಾರ್ಕಿನಲ್ಲಿ ಊರವರೆಲ್ಲ ಸೇರಿ ಓಡುವ ಐದು ಕಿಲೋಮೀಟರ್ ಓಟಕ್ಕೆ ಹೋದೆ. ಎಷ್ಟು ಜನ ಎಂದು ಕೇಳಿದರು. ಕೊಲ್ಹಾಪುರದ ಓಟಗಳಲ್ಲಿ ಪ್ರತಿ ಸಲ ನಿಮ್ಮ ಮಗಳು ರುತುಜಾಳ ಹೆಸರನ್ನೂ ನಾನೇ ಬರೆಸುತ್ತಿದ್ದೆನಲ್ಲ, ಎರಡು ಬೆರಳು ತೋರಿಸಿಬಿಟ್ಟೆ. ಅವಳು ತೀರಿಕೊಂಡು ಎಂಟು ತಿಂಗಳಾದದ್ದು ಕೈಗೆ ಇನ್ನೂ ತಿಳಿದಿಲ್ಲ. ಎರಡು ನಂಬರು ಕೊಟ್ಟರು.

ಓಡಿದೆ. ದಣಿವು ಗೊತ್ತಾಗಲಿಲ್ಲ. ಮುಗಿದ ಮೇಲೆ ಎರಡು ನಂಬರಿಗೆ ಎರಡು ಬಾಟಲಿ ನೀರು ಕೊಟ್ಟರು. ನೀರು ಸೋಸಲು ನೀವು ಕಟ್ಟಿಕೊಟ್ಟ ಬಟ್ಟೆಯಲ್ಲಿ ಎರಡನ್ನೂ ಸೋಸಿದೆ, ಒಂದನ್ನು ಕುಡಿದೆ. ಎಲ್ಲರೂ ಮನೆಗೆ ಹೋದರು. ಪಟ್ಟಿ ಹಿಡಿದ ಅಜ್ಜಿಯೊಬ್ಬರು ಮಾತ್ರ, ಇನ್ನೂ ಒಬ್ಬರು ಬರಬೇಕೆಂದು ಪಟ್ಟಿಯಲ್ಲಿ ನನ್ನ ಎರಡನೇ ನಂಬರಿನ ಮೇಲೆ ಬೆರಳಿಟ್ಟು ತೋರಿಸಿ ಅಲ್ಲೇ ನಿಂತರು. ಕೊನೆಯವರು ಬರುವ ತನಕ ಅವರು ಹೋಗುವುದಿಲ್ಲವಂತೆ. ಅರ್ಧ ಗಂಟೆ ನಾನೂ ಅವರ ಪಕ್ಕದಲ್ಲಿ ನಿಂತು ದಾರಿ ನೋಡಿದೆ. ಆಮೇಲೆ, ಬರುವುದಿಲ್ಲ ಎಂದು ಕೈ ಅಲ್ಲಾಡಿಸಿದೆ.

ರುತುಜಾಳ ಓಟದ ಬೂಟು ಮುಟ್ಟಬೇಡಿ ಎಂದು ಹೇಳಿ ಬಂದಿದ್ದೆ. ಈಗ ಯಾರಿಗಾದರೂ ಕೊಟ್ಟುಬಿಡಿ. ಲೇಸಿನ ಗಂಟು ನಾನು ಕಟ್ಟಿದ್ದು, ಬಿಗಿಯಾಗಿದೆ. ಕತ್ತರಿಸಬೇಡಿ, ನಿಧಾನವಾಗಿ ಬಿಚ್ಚಿ.

ನಿಮ್ಮ ಅಳಿಯ,
ಅಭಯ