ಹಿಂಡಾಗಿ ನಡೆಯುವ ಕುರಿಗಳು

ಗೆಳೆಯ ತಿಪ್ಪೇಶನಿಗೆ,

ಹೀಗೆ ಬರೆದರೆ ನೀನು ನಗುತ್ತೀಯ, ಗೊತ್ತು. ಆದರೆ ನಿನ್ನನ್ನು 'ಲೇ' ಎಂದು ಕರೆಯಲು ಈಗ ಬಾಯಿ ಬರುತ್ತಿಲ್ಲ. ಜ್ವರ ನಿನ್ನನ್ನು ಎತ್ತಿಕೊಂಡು ಹೋದ ಮೇಲೆ ನಿಮ್ಮಪ್ಪ ಮೊಳಕಾಲ್ಮುರಿನ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೂ ಬರುತ್ತಿದ್ದರು. "ಅವನು ಅದೇನೋ ಆಟ ಮಾಡಿದ್ನಂತಲ್ಲಪ್ಪ ಶೀನಾ, ಒಂದ್ಸಲ ತೋರಿಸ್ತೀಯಾ?" ಎಂದು ಕೇಳುತ್ತಿದ್ದರು. ಫೋನಿನಲ್ಲಿ ಚಾರ್ಜ್ ಇಲ್ಲ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಆ ಆಟದಲ್ಲಿ ನಿನ್ನ ದನಿ ಇದೆ. ಅದನ್ನು ಕೇಳಿಸಿ ಅವರ ಹೊಟ್ಟೆ ಉರಿಸಲೇ?

ಚಳ್ಳಕೆರೆ ಕಾಲೇಜಿನ ಲ್ಯಾಬಿನಲ್ಲಿ ಇಬ್ಬರೂ ಪೆಚ್ಚಾಗಿ ಕೂತಿದ್ದ ದಿನ ನೆನಪಿದೆಯಾ? ಪಾಠ ಒಂದಕ್ಷರ ತಲೆಗೆ ಹತ್ತುತ್ತಿರಲಿಲ್ಲ. "ಲೇ ಶೀನಾ, ಇದೆಲ್ಲ ಬಿಡು. ಬಂಡೆ ಮ್ಯಾಲೆ ಗೆರೆ ಎಳ್ದು ಹುಲಿ-ಕುರಿ ಆಡ್ತೀವಲ್ಲ, ಅದನ್ನೇ ಮಾಡೋಣ ಬಾ" ಎಂದೆ ನೀನು. ಹುಲಿ ಕುರಿಯ ಮೇಲೆ ಹಾರಬೇಕಾದರೆ ಅದರಾಚೆಯ ಜಾಗ ಖಾಲಿ ಇರಬೇಕು. ಅಷ್ಟನ್ನು ಕಂಪ್ಯೂಟರಿಗೆ ಹೇಳಲು ಹೋಗಿಯೇ ನಮಗೆ 'ಇಫ್' ಎಂದರೇನೆಂದು ತಿಳಿದದ್ದು. ಮಗ್ಗದ ಮನೆಯವನು ನಾನು, ಗೆರೆ ಬಣ್ಣ ನನ್ನ ಪಾಲಿಗೆ ಬಂತು. ಕುರಿಗಳು ನಿನ್ನ ಪಾಲಿಗೆ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ 'ಲೂಪ್' ಕಲಿತದ್ದಂತೂ ನಿನ್ನ ಹಟದಿಂದ. ಆಟದ ನಿಯಮದ ಪ್ರಕಾರ ಒಂದು ಸಲಕ್ಕೆ ಒಂದೇ ಕುರಿ ಕದಲಬೇಕು. ನೀನು ಒಂದನ್ನು ಮುಟ್ಟಿದರೆ ಅಕ್ಕಪಕ್ಕದವೂ ಅದರ ಹಿಂದೆಯೇ ಹೋಗುವಂತೆ ಬರೆದಿದ್ದೆ. ತಪ್ಪು ಎಂದರೆ ನನ್ನ ಮೇಲೇ ರೇಗಿದೆ. "ಒಂದು ಎದ್ರೆ ಉಳಿದವು ಕುಂತಿರ್ತವೇನಲೇ? ಕುರಿ ಕಂಡೀಯೇನು ನೀನು?" ಹಿಂಡು ಹೊರಟ ಕೂಡಲೇ ಬೆನ್ನ ಹಿಂದೆ ಜಾಗ ಖಾಲಿಯಾಗಿ ಹುಲಿ ಹಾರಿ ಹಾರಿ ತಿನ್ನುತ್ತಿತ್ತು. ಪ್ರತಿ ಸಲವೂ ನೀನೇ ಸೋಲುತ್ತಿದ್ದೆ. ಆದರೂ ಕುರಿಯನ್ನು ಬದಲಿಸಲು ಒಪ್ಪಲಿಲ್ಲ, ಹುಲಿಯನ್ನೇ ಏನಾದರೂ ಮಾಡೋಣ ಎಂದೆ. ಪರೀಕ್ಷೆ ಮುಗಿಯಲಿ ಎಂದೆ ನಾನು. ಪರೀಕ್ಷೆ ಮುಗಿಯುವ ಹೊತ್ತಿಗೆ ನೀನು...

ಈಗ ನಾನು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆಯುತ್ತೇನೆ. ನನಗೆ ಬರುವುದೆಲ್ಲ ಆ ಆಟದಿಂದ ಬಂದದ್ದೇ. ಕೆಲಸ ಚೆನ್ನಾಗಿದೆ ಎನ್ನುತ್ತಾರೆ. ಖುಷಿ ಮಾತ್ರ ಯಾಕೋ ಹತ್ತಿರ ಸುಳಿಯುವುದಿಲ್ಲ. ಜಗಳಕ್ಕೆ ನೀನಿಲ್ಲದೆ ಬರೆಯುವುದರಲ್ಲಿ ಏನಿದೆ ಹೇಳು?

ಹೋದ ವಾರ ನಿಮ್ಮಪ್ಪ ಬಂದಾಗ ಕೈಯಲ್ಲಿ ಕುರಿ ಕಾಯುವ ಕೋಲು ಇರಲಿಲ್ಲ. ಹಿಂಡನ್ನು ಮಾರಿಬಿಟ್ಟರಂತೆ. "ಕಾಯೋಕೆ ಯಾರವ್ರೆ ಇನ್ನ?" ಎಂದು ನೆಲ ನೋಡುತ್ತಾ ಕೂತರು. ನಮ್ಮಮ್ಮ ಮಗ್ಗದ ಮುಂದಿನಿಂದಲೇ ತೆಲುಗಿನಲ್ಲಿ "ಚೂಪಿಂಚರಾ, ಪಾಪಂ" ಎಂದಳು, ತೋರಿಸೋ ಪಾಪ ಎಂದು. ತೋರಿಸದೆ ಇರಲು ನನಗೂ ಆಗಲಿಲ್ಲ.

ಫೋನಿನಲ್ಲಿ ಆಟ ತೆರೆದು, ಅವರ ಬೆರಳು ಹಿಡಿದು ಒಂದು ಕುರಿಯನ್ನು ಮುಟ್ಟಿಸಿದೆ. ಹಿಂಡು ಕದಲಿತು. ನಿಮ್ಮ ದೇವಸಮುದ್ರದ ಹೊಲದಲ್ಲಿ ನಿಂತು ನೀನು ಕುರಿ ಕರೆದದ್ದನ್ನು ರೆಕಾರ್ಡ್ ಮಾಡಿ ಹಾಕಿದ್ದೆವಲ್ಲ, ಆ ಕೂಗು ಬಂತು. ಒಳಗೆ ಮಗ್ಗದ ಸದ್ದು ನಿಂತಿತು. ನಿಮ್ಮಪ್ಪ ಅಳಲಿಲ್ಲ ತಿಪ್ಪೇಶ. ಎದ್ದು ನಿಂತು, ಕುರಿ ಮೇಯುವ ಕಾವಲಿನ ಆಚೆ ಇರುವವನಿಗೆ ಕೂಗುವಂತೆ, "ಹೋಯ್, ಇಲ್ಲೇ ಇವ್ನಿ ಕಣಪ್ಪಾ" ಎಂದು ತಿರುಗಿ ಕೂಗಿದರು. ಅಷ್ಟರಲ್ಲಿ ಹುಲಿ ಹಾರಿ ಒಂದು ಕುರಿಯನ್ನು ತಿಂದಿತು. ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದೆಗೆದುಕೊಂಡರು. "ಇದು ಬ್ಯಾಡಪ್ಪ" ಎಂದರು.

ಹುಲಿಯನ್ನು ತೆಗೆದುಬಿಟ್ಟೆ. ಆಟವನ್ನು ಅವರ ಫೋನಿಗೇ ಹಾಕಿಕೊಟ್ಟಿದ್ದೇನೆ. ಸೋಲು ಗೆಲುವು ಇಲ್ಲದ ಮೇಲೆ ಅದೆಂಥ ಆಟ ಎಂದು ನೀನು ಬೈಯುತ್ತೀಯ. ಬೈಯಿ. ನಿಮ್ಮ ಮನೆಯ ಜಗಲಿಯ ಮೇಲೆ ದಿನಾ ಸಂಜೆ ನಿಮ್ಮಪ್ಪ ಕುರಿಯನ್ನು ಮುಟ್ಟುತ್ತಾರಂತೆ. ನೀನು ಕರೆಯುತ್ತೀಯ, ಅವರು ಓಗೊಡುತ್ತಾರೆ.

ನಿನ್ನ,
ಶೀನ