ಮರಿಯನ್ನು ಒಯ್ದಿರಿ, ತಾಯಿಯನ್ನು ನಮ್ಮ ತಲೆಗೆ ಕಟ್ಟಿದಿರಿ

ಮಾನ್ಯ ಜಿಲ್ಲಾ ಅರಣ್ಯಾಧಿಕಾರಿಗಳೇ,

ನಮ್ಮ ಅಕ್ರೋಟು ಕಾಡಿನಿಂದ ತಮ್ಮ ಕಚೇರಿ ಒಯ್ದ ಕರಡಿ ಮರಿಯನ್ನು ವಾಪಸು ಕೊಡಿ. ಅದರ ತಾಯಿಯನ್ನು ಕೊಲ್ಲಲು ಈ ಶನಿವಾರ ಕಳಿಸುತ್ತೇವೆಂದು ಹೇಳಿರುವ ಬಂದೂಕಿನವರನ್ನು ತಡೆಯಿರಿ. ತಮಗೆ ಪುರುಸೊತ್ತು ಕಡಿಮೆಯೆಂದು ಬಲ್ಲೆ, ಆದ್ದರಿಂದ ವಿಷಯವನ್ನು ಮೊದಲೇ ಹೇಳಿಬಿಟ್ಟೆ. ಕಚೇರಿಗೆ ಬಂದಾಗಲೆಲ್ಲ ತಾವು ಸಭೆಯಲ್ಲಿದ್ದಿರಿ. ಬಾಗಿಲ ಬಳಿ ಕುಳಿತವರು ಅರ್ಜಿ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಅದಕ್ಕೆ ಉತ್ತರ ಬರಲಿಲ್ಲವಾದ್ದರಿಂದ ಈಗ ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ಅಚ್ಚಾಗುತ್ತದೆಂದು ಸಂಪಾದಕರು ಮಾತು ಕೊಟ್ಟಿದ್ದಾರೆ. ಅಂದರೆ ತಮಗೆ ಒಂದು ದಿನ ಸಿಗುತ್ತದೆ.

ಕಳೆದ ಚಳಿಗಾಲ ತಮ್ಮ ಸಿಬ್ಬಂದಿ ನಮ್ಮ ಅಂಗಡಿ ಗೋಡೆಗೆ ಒಂದು ಚಿತ್ರಪಟ ಅಂಟಿಸಿ ಹೋದರು. ಕಾಡುಪ್ರಾಣಿಯ ಮರಿ ಕಂಡರೆ ಏನು ಮಾಡಬೇಕು ಎಂಬ ಉಪದೇಶ ಅದರಲ್ಲಿತ್ತು. ಮೆಲ್ಲಗೆ ಎತ್ತಿಕೊಳ್ಳಿ, ಬೆಚ್ಚಗೆ ಸುತ್ತಿ, ಆಹಾರ ಕೊಡಿ, ಕಚೇರಿಗೆ ತಿಳಿಸಿ. ಪಕ್ಕದಲ್ಲಿ ಜಿಂಕೆ ಮರಿಯನ್ನು ತಬ್ಬಿಕೊಂಡು ನಗುವ ಹುಡುಗಿಯ ಚಿತ್ರ. ಶಾಲೆಯಲ್ಲಿ ನಮ್ಮನ್ನೆಲ್ಲ ಕೂಡಿಸಿ, ಒಂಟಿ ಮರಿಯನ್ನು ಕಂಡೂ ಕಾಣದ ಹಾಗೆ ಬರುವವರು ಕಟುಕರು, ಅಂಥವರ ಮೇಲೆ ಕೇಸು ಹಾಕಬೇಕಾಗುತ್ತದೆ ಎಂದೂ ಹೆದರಿಸಿದರು. ಇದನ್ನು ಬರೆದ ಮಹಾನುಭಾವರು ಜೀವಮಾನದಲ್ಲಿ ಒಂದು ಸಲವಾದರೂ ಮರಿಯಿರುವ ಕಾಡಿನಲ್ಲಿ ಒಬ್ಬರೇ ನಡೆದಿದ್ದಾರೆಯೇ?

ನಮ್ಮವರಿಗೆ ಇದಕ್ಕೆ ಬೇರೆ ಪಾಠವಿದೆ, ಅದನ್ನು ಯಾರೂ ಗೋಡೆಗೆ ಅಂಟಿಸಿಲ್ಲ. ಮರಿ ಕಂಡರೆ ಮುಟ್ಟಬಾರದು. ಅದರ ಜಾತಿಯ ಹೆಸರೆತ್ತಬಾರದು. ಬಂದ ಹೆಜ್ಜೆಯಲ್ಲೇ ತಿರುಗಿ, ದೊಡ್ಡ ದನಿಯಲ್ಲಿ ಮಾತಾಡುತ್ತಾ ಹೊರಟುಬಿಡಬೇಕು: "ನಾನೇನೂ ನೋಡಿಲ್ಲಮ್ಮ, ನಿಂದು ನಿಂಗೇ ಇರ್ಲಿ." ಹತ್ತಿರದಲ್ಲೇ ಇರುವ ತಾಯಿಗೆ ನಾವು ದೂರ ಹೋಗುತ್ತಿರುವುದು ಕೇಳಿಸಬೇಕು, ಅದಕ್ಕೇ ಈ ಮಾತು. ನನ್ನ ಅತ್ತೆ ಇದನ್ನು ಸೊಸೆಯರಿಗೆ ರೊಟ್ಟಿ ಬಡಿಯುವುದಕ್ಕಿಂತ ಮೊದಲು ಕಲಿಸಿದ್ದರು.

ಮೇ ತಿಂಗಳ ಕೊನೆಯಲ್ಲಿ ನನ್ನ ವಾರಗಿತ್ತಿ ಬೂಬುಕಾನ್ ಅಣಬೆ ಹುಡುಕಲು ಮೇಲಿನ ಕಾಡಿಗೆ ಹೋಗಿದ್ದಳು. ಅಲ್ಲಿ ಒಂದು ಮುದಿ ಅಕ್ರೋಟು ಮರದ ಬುಡದಲ್ಲಿ ಮರಿ ಕುಂಯ್‌ಗುಡುತ್ತಿತ್ತು. ಸುತ್ತ ಬೇರೇನೂ ಕಾಣಲಿಲ್ಲ. ಅವಳು ನಮ್ಮೂರಲ್ಲೇ ಅತಿ ಮೆದು ಮನಸ್ಸಿನವಳು, ಜೊತೆಗೆ ಕಾಗದ ಪತ್ರವೆಂದರೆ ಗಡಗಡ ನಡುಗುವವಳು. ಒಂದು ಕಡೆ ಅತ್ತೆಯ ಮಾತು, ಇನ್ನೊಂದು ಕಡೆ ತಮ್ಮ ಕೇಸು. ಅತ್ತ ದರಿ, ಇತ್ತ ಪುಲಿ. ಸ್ವಲ್ಪ ಹೊತ್ತು ನಿಂತು ನೋಡಿ, ತಮ್ಮ ಮಾತನ್ನೇ ನಂಬಿ, ತನ್ನ ಉಣ್ಣೆ ಶಾಲಿನಲ್ಲಿ ಮರಿಯನ್ನು ಸುತ್ತಿಕೊಂಡು ಮನೆಗೆ ಬಂದಳು.

ಅತ್ತೆ ನೋಡಿದ್ದೇ ಕೆಂಡವಾದರು. ಬೆಳಕಿರುವಾಗಲೇ ತಿರುಗಿ ಬಿಟ್ಟು ಬಾ ಎಂದು ಬಾಗಿಲಲ್ಲೇ ತಡೆದರು. ಆಗಲೇ ಬಿಟ್ಟುಬಂದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೋ ಏನೋ. ಆದರೆ ಅಷ್ಟರಲ್ಲಿ ಬೂಬುಕಾನಳ ಗಂಡ, ನನ್ನ ಭಾವ ಶೇರಾಲಿ, ಮರಿಯನ್ನು ಒಳಗೆ ಎತ್ತಿಕೊಂಡು, ರೊಟ್ಟಿಯ ಚೂರನ್ನು ಕೆನೆಯಲ್ಲಿ ಅದ್ದಿ ಮರಿಯ ಬಾಯಿಗೆ ಇಟ್ಟಿದ್ದರು. ಹೊಸಿಲೊಳಗೆ ಬಂದು ನಮ್ಮ ರೊಟ್ಟಿ ತಿಂದ ಜೀವವನ್ನು ಮೂರು ದಿನ ಹೊರಗೆ ಹಾಕುವಂತಿಲ್ಲ. ಶತ್ರುವೇ ಆದರೂ ಅವನು ಅತಿಥಿ. ಅತ್ತೆ ತಲೆಯ ಮೇಲೆ ಕೈಹೊತ್ತು ಕುಳಿತು ಮಗನಿಗೆ ಹೇಳಿದರು: "ನಾನು ನೀರಿಗೆ ಹೋದಾಗ ನೀನೂ ತೊಟ್ಲಲ್ಲಿ ಅಳ್ತಾ ಬಿದ್ದಿರ್ತಿದ್ದೆ ಕಣೋ. ಯಾರೋ ಪುಣ್ಯಾತ್ಮರು ಎತ್ಕೊಂಡು ಹೋಗಿದ್ರೆ ಚೆನ್ನಾಗಿರ್ತಿತ್ತು, ಇವತ್ತು ಈ ಕೆಲ್ಸ ಮಾಡೋಕೆ ನೀನೇ ಇರ್ತಿರ್ಲಿಲ್ಲ." ನಗು ಬರುವ ಮಾತು, ಆದರೆ ಅಂದು ಯಾರೂ ನಗಲಿಲ್ಲ.

ತಪ್ಪು ನಮ್ಮ ಕಡೆಯೂ ಆಗಿದೆ ಎಂದು ತಾವು ಹೇಳಬಹುದು. ಆಗಿದೆ. ನಮ್ಮ ಅತಿಥಿಧರ್ಮ ಕರಡಿಗೆ ಅರ್ಥವಾಗುವುದಿಲ್ಲ. ಆದರೆ ಮೂರನೆಯ ದಿನ ಕಳೆದ ಕೂಡಲೇ ಮರಿಯನ್ನು ಅದೇ ಮರದ ಬುಡದಲ್ಲಿ ಬಿಟ್ಟುಬರಲು ಊರಿನ ಗಂಡಸರು ತಯಾರಾಗಿದ್ದರು. ತಾಯಿ ಬದುಕಿದ್ದಾಳೆ, ಮನೆ ಮೇಲಿನ ಗುಡ್ಡದಲ್ಲೇ ತಿರುಗುತ್ತಿದ್ದಾಳೆ ಎಂದು ನಾನೇ ತಮ್ಮ ಕಚೇರಿಗೆ ಫೋನು ಮಾಡಿ ಹೇಳಿದೆ. ನಮ್ಮ ಜೇನುಪೆಟ್ಟಿಗೆಗಳನ್ನು ಉರುಳಿಸಿದ್ದಾಳೆ, ಆದರೆ ಜೇನನ್ನು ಮೂಸಿಯೂ ಇಲ್ಲ ಎಂದೂ ಹೇಳಿದೆ. ಜೇನು ಬಿಟ್ಟು ಹೋಗುವ ಕರಡಿಯನ್ನು ತಾವು ಎಲ್ಲಾದರೂ ಕೇಳಿದ್ದೀರಾ? ತಮ್ಮವರ ಉತ್ತರ ಹೀಗಿತ್ತು: "ಅದು ಬೇರೆ ಕರಡಿ ಇರ್ಬೇಕಮ್ಮ. ತಾಯಿ ಸತ್ತಿರೋದಕ್ಕೇ ಮರಿ ಒಂಟಿ ಸಿಕ್ಕಿದ್ದು. ವಾಪಸ್ ಬಿಟ್ರೆ ನಿಮ್ಮೇಲೇ ಕೇಸಾಗುತ್ತೆ." ಮರುದಿನ ಜೀಪು ಬಂತು, ತಮ್ಮವರು ಮರಿಯ ಜೊತೆ ಫೋಟೋ ತೆಗೆಸಿಕೊಂಡರು, ಅದನ್ನು ಒಯ್ದರು. ಬೂಬುಕಾನಳಿಗೆ ಒಂದು ಪ್ರಶಂಸಾಪತ್ರವನ್ನೂ ಕೊಟ್ಟರು. ಅವಳು ಅದನ್ನು ಒಲೆಗೆ ಹಾಕಿದಳು.

ಮರಿ ಹೋಯಿತು. ತಾಯಿ ಹೋಗಲಿಲ್ಲ. ಬೇಸಿಗೆಯುದ್ದಕ್ಕೂ ನಾವು ಅವಳನ್ನು ಸರಿಯಾಗಿ ಕಂಡಿಲ್ಲ, ಆದರೆ ಅವಳು ನಮ್ಮನ್ನು ಕಾಣದ ದಿನವಿಲ್ಲ. ಪೊದೆ ಅಲುಗುತ್ತದೆ, ನಿಲ್ಲುತ್ತದೆ. ನಾಯಿಗಳು ಬೊಗಳುವುದನ್ನು ಬಿಟ್ಟು ಅಂಗಳದ ಮೂಲೆಗೆ ಸೇರುತ್ತವೆ. ಮರಿಯನ್ನು ಸುತ್ತಿದ್ದ ಶಾಲನ್ನು ಒಗೆದು ಬೇಲಿಗೆ ಹಾಕಿದ್ದೆವು, ಬೆಳಗಾಗುವುದರಲ್ಲಿ ಇರಲಿಲ್ಲ, ಯಾರೋ ಕದ್ದಿರಬೇಕೆಂದುಕೊಂಡೆವು. ಆಗಸ್ಟ್‌ನಲ್ಲಿ ಶೇರಾಲಿ ಭಾವ ಅಕ್ರೋಟು ಕೊಯ್ಲಿಗೆ ಮುಂಚೆ, ಕಾಡಿನಲ್ಲಿ ನಮ್ಮ ಮನೆಗೆ ಹಂಚಿಕೆಯಾದ ಪಾಲಿನ ಮರಗಳ ಕೆಳಗೆ ಹುಲ್ಲು ಕೊಯ್ಯಲು ಹೋದಾಗ ಅದು ಸಿಕ್ಕಿತು. ಒಂದು ಮರದ ಬುಡದಲ್ಲಿ ಹುಲ್ಲು ದುಂಡಗೆ ಮಲಗಿತ್ತು, ನಡುವೆ ಶಾಲು. ಹರಿದಿರಲಿಲ್ಲ, ನೆಕ್ಕಿ ನೆಕ್ಕಿ ಉಣ್ಣೆ ಗಂಟುಗಟ್ಟಿತ್ತು. ಹಾಸು ಇನ್ನೂ ಬೆಚ್ಚಗಿತ್ತಂತೆ. ಭಾವ ಕುಡುಗೋಲನ್ನು ಅಲ್ಲೇ ಬಿಟ್ಟು ಬಂದರು.

ಆಮೇಲೆ ನಾನು ಮರಿಯನ್ನು ಹುಡುಕಿಕೊಂಡು ಹೋದೆ. ಪುನರ್ವಸತಿ ಕೇಂದ್ರದಲ್ಲಿದೆ ಎಂದು ತಮ್ಮ ಕಚೇರಿ ಹೇಳಿತ್ತು. ಆ ಪುನರ್ವಸತಿ ಕೇಂದ್ರದಲ್ಲಿ ಕುರಿಮಾಂಸದ ಪಲಾವು ಬಹಳ ಚೆನ್ನಾಗಿ ಮಾಡುತ್ತಾರೆ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಅದು ಹೆದ್ದಾರಿ ಪಕ್ಕದ ಊಟದ ಹೋಟೆಲು. ಹಿಂದಿನ ಅಂಗಳದಲ್ಲಿ ಕಬ್ಬಿಣದ ಪಂಜರ, ಅದರ ಮೇಲೆ ತಮ್ಮ ಕಚೇರಿಯ ಹೆಸರಿನ ಫಲಕ. ಮರಿ ಬೆಳೆದಿದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆಯುತ್ತದೆ, ತಲೆಯನ್ನು ಕಂಬಿಗೆ ಬಡಿಯುತ್ತದೆ, ತಿರುಗುತ್ತದೆ. ಮೂತಿಯ ಮೇಲೆ ಕೂದಲು ಉಳಿದಿಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಈಗ ಕೊಯ್ಲು ಬಂದಿದೆ. ಊರಿಗೆ ಊರೇ ಗುಡಾರ ಹೊತ್ತು, ಎಳೆಗೂಸುಗಳ ಸಮೇತ ಕಾಡಿಗೆ ಏರುವ ಕಾಲ. ಶಾಲೆಗೂ ಬೀಗ ಬೀಳುತ್ತದೆ. ಅಕ್ರೋಟು ಆಯ್ದು ಚೀಲಕ್ಕೆ ತುಂಬಿದರೆ ಚಳಿಗಾಲದ ಹಿಟ್ಟು, ಕಲ್ಲಿದ್ದಲು ಎರಡೂ ಬಂದಂತೆ. ಕರಡಿ ಮಲಗುವ ಜಾಗ ನಮ್ಮ ಪಾಲಿನ ನಟ್ಟನಡುವೆ ಇದೆ, ಆದ್ದರಿಂದ ಅಕ್ಕಪಕ್ಕದ ಪಾಲಿನವರೂ ಗುಡಾರ ಹಾಕಲು ಒಲ್ಲರು. ನೀರಿನ ಬಳಿ ಬೂಬುಕಾನ್ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಈ ಸ್ಥಿತಿಯನ್ನು ತಿಳಿಸಿದಾಗ ತಮ್ಮ ಕಚೇರಿ ಕಂಡುಹಿಡಿದ ಪರಿಹಾರವೇ ಬಂದೂಕು. ಸತ್ತಿದ್ದಾಳೆ ಎಂದು ಮೇ ತಿಂಗಳಲ್ಲಿ ತಾವೇ ತೀರ್ಪು ಕೊಟ್ಟ ತಾಯಿಯನ್ನು ಸೆಪ್ಟೆಂಬರ್‌ನಲ್ಲಿ ಕೊಂದು ಆ ತೀರ್ಪನ್ನು ನಿಜ ಮಾಡಹೊರಟಿದ್ದೀರಿ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದ ಮೇಲೆ ದನಕ್ಕೆ ಗುಂಡು ಹಾಕುವ ಬೇಲಿಯನ್ನು ಈಗಲೇ ನೋಡುತ್ತಿರುವುದು.

ಮರಿ ತಂದುಬಿಟ್ಟರೆ ತಾಯಿ ಸೇರಿಸಿಕೊಳ್ಳುತ್ತಾಳೆಯೇ? ನನಗೆ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ಇಷ್ಟು ದಿನ ಮನುಷ್ಯರ ವಾಸನೆಯಲ್ಲಿ ಬೆಳೆದದ್ದನ್ನು ಅವಳು ಸಿಗಿದು ಹಾಕಲೂಬಹುದು. ಆದರೆ ಅದನ್ನು ತೀರ್ಮಾನಿಸುವ ಹಕ್ಕು ಅವಳದು. ಬಲ್ಲವರೊಬ್ಬರನ್ನು ಜೊತೆಗೆ ಕಳಿಸಿ, ದೂರದಿಂದ ಕಾಯಲಿ, ಒಂದು ಸಲ ಪ್ರಯತ್ನಿಸಲಿ. ಆ ಚಿತ್ರಪಟವನ್ನು ಎಲ್ಲ ಊರುಗಳ ಗೋಡೆಯಿಂದಲೂ ಕಿತ್ತುಹಾಕಿ. ಅದರ ಜಾಗದಲ್ಲಿ ಮುಟ್ಟಬೇಡಿ, ಬಂದ ದಾರಿಯಲ್ಲೇ ಹೋಗಿ ಎಂದಷ್ಟೇ ಬರೆಸಿ.

ಇದೆಲ್ಲ ಬರೆಯುವ ಹೊತ್ತಿಗೆ ಇನ್ನೊಂದು ಸಂಗತಿ ನಡೆದಿದೆ. ಇವತ್ತು ಬೆಳಿಗ್ಗೆ ಬೂಬುಕಾನ್ ರೊಟ್ಟಿ ಕಟ್ಟಿಕೊಂಡು ಒಬ್ಬಳೇ ನಮ್ಮ ಪಾಲಿನ ಮರಗಳ ಕಡೆ ಹೊರಟಳು. ನಾನು ಗೇಟಿಗೆ ಅಡ್ಡ ನಿಂತೆ. "ಎತ್ಕೊಂಡಿದ್ದು ನಾನು ಕಣೇ ಜಿಪಾರ್," ಎಂದಳು. "ಅವಳು ಹುಡುಕ್ತಿರೋದೂ ನನ್ನ ವಾಸ್ನೇನೇ. ಬಂದೂಕಿನೋರು ಬಂದಾಗ ಅವಳ ಹತ್ರ ನಾನಿರ್ತೀನಿ. ಹೊಡೆಯೋದಾದ್ರೆ ನೋಡ್ಕೊಂಡು ಹೊಡೀಲಿ." ನನ್ನ ಕೈಯನ್ನು ಮೆಲ್ಲಗೆ ಸರಿಸಿ ಹೋದಳು.

ಭಾವ ಹಿಂದೆಯೇ ಓಡಿದರು, ಮಧ್ಯಾಹ್ನ ಒಬ್ಬರೇ ಬಂದರು. ಬೂಬುಕಾನ್ ಶಾಲು ಸಿಕ್ಕ ಮರದ ಬುಡದಲ್ಲೇ ಕುಳಿತಿದ್ದಾಳೆ, ಏಳುವುದಿಲ್ಲ ಎನ್ನುತ್ತಾಳೆ. ಕಣಿವೆಯಾಚೆ ಕೊಂಬೆ ಮುರಿಯುವ ಸದ್ದು ಹತ್ತಿರವಾಗುತ್ತಿದೆಯಂತೆ. ಅವರು ಒಂದು ಕಂಬಳಿ ತೆಗೆದುಕೊಂಡು ಮತ್ತೆ ಏರಿದ್ದಾರೆ.

ಜೀಪಿನಲ್ಲಿ ಮರಿಯನ್ನು ಕಳಿಸಿ. ಬಂದೂಕನ್ನು ಕಳಿಸಲೇಬೇಕೆಂದಿದ್ದರೆ, ಹಿಡಿದವರಿಗೆ ಒಂದು ಮಾತು ತಿಳಿಸಿ. ಭಾವ, ಬೂಬುಕಾನ್ ಇಬ್ಬರೂ ಕಂದು ಬಣ್ಣದ ಹಳೆಯ ಚರ್ಮದ ಕೋಟು ತೊಟ್ಟಿದ್ದಾರೆ. ಪೊದೆಯ ಹಿಂದೆ ಅಲುಗುವುದೆಲ್ಲ ಕರಡಿಯಲ್ಲ.

ಇಂತಿ,
ತಮ್ಮ ಚಿತ್ರಪಟದ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿ ಕೆಟ್ಟ ಮನೆಯ ಕಿರಿಸೊಸೆ,
ಜಿಪಾರ್