ಬಿತ್ತದೆ ಉಳಿದ ನಿನ್ನ ಹೊಲ

ಕೊಗುಟಾ, ಹೋಮಾ ಬೇ ರಸ್ತೆ
ಮಾರ್ಚ್ 27, ಗುರುವಾರ

ನನ್ನ ತಂಗಿ ಟುರುಫೇನ,

ನಿನ್ನ ರಿಸ್ಪಾ ಅಕ್ಕ ಬರೆಯುತ್ತಿದ್ದೇನೆ. ನೀನು ಹೋದಾಗಿನಿಂದ ಬರೆಯಬೇಕು ಬರೆಯಬೇಕು ಎಂದುಕೊಂಡು ಈಗ ಕೂತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಆಮೇಲೆ ಓದು. ಫೋನ್ ಮಾಡಿದರೆ ನಿನ್ನ ತಮ್ಮ ಎತ್ತಿ "ಅಕ್ಕ ಹೊಲದಲ್ಲಿದಾಳೆ" ಅನ್ನುತ್ತಾನೆ. ಯಾವ ಹೊಲ? ಮದುವೆಯಾಗಿ ಹೋದ ಹೆಣ್ಣಿಗೆ ತವರಿನಲ್ಲಿ ಹೊಲ ಕೊಡುವ ಮನೆಯನ್ನು ನಮ್ಮ ಲುವೊ ಜನರಲ್ಲಿ ನಾನಿನ್ನೂ ಕಂಡಿಲ್ಲ. ಸುಳ್ಳು ಹೇಳುವುದಾದರೆ ನಂಬುವಂಥದ್ದು ಹೇಳು ಅಂತ ಅವನಿಗೆ ತಿಳಿಸು. ನಾನೇ ಬಂದುಬಿಡುತ್ತಿದ್ದೆ, ಆದರೆ ನಿನಗೆ ಮುಖ ತೋರಿಸುವ ಧೈರ್ಯವಿಲ್ಲ. ಅದಕ್ಕೇ ಮೀನು ಮಾರುವ ಪ್ಲಿಸ್ಟಾಳ ಕೈಯಲ್ಲಿ ಈ ಕಾಗದ, ಜೊತೆಗೆ ನಿನಗಿಷ್ಟವಾದ ಒಣ ಒಮೆನಾ ಮೀನು. ಮೀನು ಕಡಿಮೆ ಬಂದರೆ ಅವಳನ್ನೇ ಕೇಳು.

ಮನೆಯ ಸುದ್ದಿ ಹೇಳುತ್ತೇನೆ. ಮಳೆ ಸರಿಯಾಗಿ ಹಿಡಿದಿದೆ. ಅತ್ತೆಯ ಮೊಣಕಾಲು ನೋವು ಹಾಗೇ ಇದೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ನಿನ್ನ ಮಗ ಒದಿರಾ ನನ್ನ ಭುಜ ಮೀರಿ ಬೆಳೆದಿದ್ದಾನೆ. ನಿನ್ನ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಾನೆ. ನಿನ್ನ ಪುಟ್ಟ ಮಗಳು ಅಡೋಯೊ ಚೆನ್ನಾಗಿದ್ದಾಳೆ. ಅವಳ ವಿಷಯ ಆಮೇಲೆ ಬರೆಯುತ್ತೇನೆ.

ನಮ್ಮವರ ಹೆಸರು ಈಗ ಒಂದಿತಿ ಅಲ್ಲ, ಯೋಹಾನ. ದೀಕ್ಷಾಸ್ನಾನ ಆದಮೇಲೆ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲೇ ಕೂರುತ್ತಾರೆ. ಕರ್ತನ ಭೋಜನದ ಆ ರೊಟ್ಟಿಯ ತುಣುಕಿಗೆ ಎಷ್ಟು ವರ್ಷ ಕಾದರು! ಇಬ್ಬರು ಹೆಂಡಿರ ಗಂಡನಿಗೆ ಕೊಡುವಂತಿಲ್ಲ, ಎರಡನೆಯವಳನ್ನು ಕಳಿಸಿ ಮೊದಲನೆಯವಳಿಗೆ ಚರ್ಚಿನಲ್ಲಿ ಉಂಗುರ ತೊಡಿಸಿ ಅಂತ ಪಾಸ್ಟರ್ ಎಲ್ಕಾನಾ ಅಂದರು. ಹಾಗೇ ಆಯಿತು. ಈಗ ರೊಟ್ಟಿ ಸಿಕ್ಕಿದೆ, ಮನೆಯ ಊಟ ಸೇರುತ್ತಿಲ್ಲ. ಮೊನ್ನೆ ಕೆಣಕಿದೆ, "ಏನ್ರೀ ಯೋಹಾನಪ್ಪ, ಪಾಪ ಎಲ್ಲಾ ಹೋಯ್ತಾ?" ಅವರು ತಟ್ಟೆ ಸರಿಸಿದರು. "ಹೋಗಿದ್ದು ಪಾಪ ಅಂತ ಅವರಂದ್ರು. ನಾನು ನೋಡಿದ್ರೆ ಹೋಗಿದ್ದು ಟುರುಫೇನ."

ಆ ಮಾತು ಕೇಳಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸವತಿ ಅಂದರೆ ಮಾತ್ಸರ್ಯ ಅನ್ನುತ್ತಾರೆ, ನಮಗೆ ಅದಕ್ಕೆ ಪುರುಸೊತ್ತೇ ಇರಲಿಲ್ಲವಲ್ಲ. ನನಗೆ ಮಕ್ಕಳಾಗಲಿಲ್ಲ ಅಂತ ಚಿಕ್ಕಪ್ಪನ ಅಂಗಳದಿಂದ ನಿನ್ನನ್ನು ಕರೆದು ತಂದವಳು ನಾನೇ. ಯಾರೋ ಬರುವುದಕ್ಕಿಂತ ನನ್ನ ತಂಗಿಯೇ ಬರಲಿ ಅಂತ. ಈಗಿನ ಚರ್ಚಿನ ಮದುವೆಯ ದಿನ ನನ್ನ ತಲೆಗೆ ಬಿಳಿ ಬಟ್ಟೆ ಕಟ್ಟಿದವಳೂ ನೀನೇ. "ಅಕ್ಕಾ, ಅಲ್ಲಾಡ್ಬೇಡ. ಈ ವಯಸ್ಸಲ್ಲಿ ಮದ್ವೆ ಹೆಣ್ಣು ಇಷ್ಟು ನಾಚ್ಕೊಂಡ್ರೆ ಬಟ್ಟೆ ನಿಲ್ಲಲ್ಲ" ಅಂತ ನಗಿಸಿದೆ. ಆಮೇಲೆ ಕೋಳಿ ಬೇಯಿಸಿಟ್ಟು, ಪೆಟ್ಟಿಗೆ ಹೊತ್ತು ಹೋದೆ. ಮಕ್ಕಳು ಅಪ್ಪನ ಮನೆಗೆ ಸೇರಿದವರು, ಬಿಟ್ಟು ಹೋಗಲಿ ಅಂತ ಹಿರಿಯರು ಅಂದಿದ್ದರು. ಬೇರೆ ಯಾವುದರಲ್ಲೂ ಹೊಂದದ ಹಿರಿಯರಿಗೂ ಪಾಸ್ಟರಿಗೂ ಅದೊಂದರಲ್ಲಿ ಎರಡು ಮಾತಿರಲಿಲ್ಲ. ಚರ್ಚಿನಲ್ಲಿ ಪಾಸ್ಟರು "ಈ ಮದುವೆಗೆ ಯಾರದಾದರೂ ತಕರಾರು ಇದೆಯೇ" ಅಂತ ಕೇಳಿದಾಗ ನಾನು ಬಾಗಿಲ ಕಡೆ ನೋಡಿದೆ. ನೀನು ಬಂದು ತಡೆಯುತ್ತೀಯೇನೋ ಅಂತ ನಾನು ಹೆದರಿದೆ ಎಂದು ಜನ ಆಡಿಕೊಂಡರಂತೆ. ಬಂದಿದ್ದರೆ ಚೆನ್ನಾಗಿತ್ತು ಅಂತಲೇ ನಾನು ನೋಡಿದ್ದು.

ಇನ್ನು ಬಿತ್ತನೆಯ ಸಂಗತಿ. ಮಳೆ ಬಿದ್ದ ಮೇಲೆ ಹಿರಿಯ ಹೆಂಡತಿಯಾಗಿ ಮೊದಲು ನಾನು ನನ್ನ ಹೊಲಕ್ಕೆ ಬೀಜ ಹಾಕಿದೆ. ಮಾರನೆಯ ದಿನ ನೀನು ಹಾಕಬೇಕು. ನಾನು ಬಿತ್ತಿದ ಸಂಜೆಯೇ ಬಂದು "ಅಕ್ಕಾ, ನಿಂದು ಮುಗೀತಾ? ನಾಳೆ ನಂದು" ಅಂತ ಕೇಳುತ್ತಿದ್ದೆಯಲ್ಲ, ಈ ಸಲವೂ ಕಿವಿ ಅದನ್ನೇ ಕಾಯುತ್ತಿತ್ತು. ಸುತ್ತ ಎಲ್ಲರ ಜೋಳವೂ ಮೊಳೆತಿದೆ, ನಡುವೆ ನಿನ್ನ ತುಂಡು ಹೊಲ ಬರೀ ಕಳೆ. ನೈರೋಬಿಯಲ್ಲಿ ಬೆಳೆದ ಪಾಸ್ಟರಿಗೆ ಇದೆಲ್ಲ ಎಲ್ಲಿ ಗೊತ್ತು? "ಈಗ ಎಲ್ಲಾ ನಿಮ್ದೇ ಅಲ್ವಾಮ್ಮ, ಬಿತ್ತಿಬಿಡಿ. ಕ್ರಿಸ್ತನಲ್ಲಿ ಈ ಮೊದಲು-ಆಮೇಲೆ ಏನೂ ಇಲ್ಲ" ಅಂದರು. ಸರಿ ಅಂತ ಬೀಜ ಕಟ್ಟಿಕೊಂಡು ಹೊರಟೆ. ಅತ್ತೆ ಜಗಲಿಯಿಂದಲೇ ಕೂಗಿದರು, "ಲೇ ರಿಸ್ಪಾ! ಬದುಕಿರೋಳ ಹೊಲಕ್ಕೆ ನೀನು ಬೀಜ ಹಾಕಿದ್ರೆ ಅವಳನ್ನ ಮಣ್ಣು ಮಾಡ್ದಂಗೆ ಕಣೇ!" ನಾನು ಕ್ರಿಸ್ತನವಳು, ಶಾಪಗೀಪ ನಂಬುವುದಿಲ್ಲ. ಆದರೂ ಸನಿಕೆ ಎತ್ತಲು ಕೈ ಬರಲಿಲ್ಲ. ನಿನ್ನ ಹೊಲದ ಬದುವಿನಲ್ಲಿ ಕೂತು ಅತ್ತು, ಬೀಜವನ್ನು ಹಾಗೇ ವಾಪಸು ತಂದೆ.

ಅಲ್ಲಿಂದ ನೇರ ಪಾಸ್ಟರ ಮನೆಗೆ ಹೋದೆ. "ಅಬ್ರಹಾಮ ತನ್ನ ಎರಡನೆಯೋಳು ಹಾಗರಳನ್ನ ಹೊರಗೆ ಹಾಕ್ದಾಗ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಗನ್ನೂ ಜೊತೇಲಿ ಕಳಿಸ್ದ. ನಾವು ಅಷ್ಟೂ ಮಾಡ್ಲಿಲ್ಲ ಪಾಸ್ಟರೇ" ಅಂದೆ. ಅವರು "ನಿಯಮ ನಾನು ಮಾಡಿದ್ದಲ್ಲಮ್ಮ" ಅಂದರು. "ನಿಯಮ ನಿಮ್ದಲ್ಲ, ಸರಿ. ಅವಳನ್ನ ತಂದೋಳು ನಾನು. ತಪ್ಪು ನಂದಾದ್ರೆ ಪೆಟ್ಟಿಗೆ ಅವಳ್ಯಾಕೆ ಹೊರಬೇಕು?" ಅದಕ್ಕೆ ಅವರು, ಬಿಷಪ್ಪರಿಗೆ ಬರೆದು ಕೇಳುತ್ತೇನೆ ಅಂದರು. ಒಳ್ಳೆಯ ಹುಡುಗನೇ, ಟುರುಫೇನ. ಅವರ ಕಣ್ಣೂ ಕೆಂಪಾಗಿತ್ತು. ಅತ್ತೆಗೆ ಹೇಳಿದರೆ, "ಯಾಕೋಬನಿಗೆ ಅಕ್ಕ-ತಂಗಿ ಇಬ್ರೂ ಹೆಂಡ್ತೀರು. ಹಂಗಂತ ದೇವರು ಅವನ ಮನೆಗೆ ಬರಲ್ಲ ಅಂದ್ನಾ? ಈ ಹುಡುಗನಿಗೆ ದೇವರಿಗಿಂತ ಮಡಿ ಜಾಸ್ತಿ" ಅಂದು ಸೊಪ್ಪು ಬಿಡಿಸುತ್ತಾ ಕೂತರು.

ಬಿಷಪ್ಪರ ಉತ್ತರ ಬರುವಷ್ಟರಲ್ಲಿ ಮಳೆ ಮುಗಿಯುತ್ತದೆ. ಹಾಗಾಗಿ ಕಳೆದ ಭಾನುವಾರ ನಾನು ಚರ್ಚಿನಲ್ಲಿ ಉಂಗುರ ತೊಟ್ಟವರ ಬಿಳಿ ತಲೆಬಟ್ಟೆ ಕಟ್ಟದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಉಂಗುರವನ್ನೂ ಬಿಚ್ಚೋಣ ಅಂದುಕೊಂಡೆ, ಬೆರಳು ಊದಿ ಬರಲಿಲ್ಲ. ರೊಟ್ಟಿ ಹಂಚುವಾಗ ನಮ್ಮವರು ಮುಂದಿನಿಂದ ತಿರುಗಿ ನೋಡಿದರು, ಎದ್ದರು, ಎಲ್ಲರ ಮುಂದೆ ನಡೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು. ನಮ್ಮಿಬ್ಬರಿಗೂ ರೊಟ್ಟಿ ಬೇಕಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೂ ಕೈ ಚಾಚದೆ ನಮ್ಮನ್ನು ದಾಟಿ ಹೋಗಲು ಬಿಟ್ಟೆವು. ಸೋಮವಾರ ಬೆಳಿಗ್ಗೆ ಅವರು ಏಣಿ ಹಾಕಿ ನಮ್ಮ ಅಂಗಳದಲ್ಲಿರುವ ನಿನ್ನ ಮನೆಯ ಸೂರಿಗೆ ಹೊಸ ತಗಡು ಹೊಡೆದರು. ಯಾಕೆ ಅಂತ ನಾನು ಕೇಳಲಿಲ್ಲ, ಮೊಳೆ ಎತ್ತಿ ಕೊಟ್ಟೆ.

ಬಾ ತಂಗಿ. ನಾನು ಬಿತ್ತಿದ್ದಾಯಿತು, ಇನ್ನು ನಿನ್ನ ಸರದಿ. ಬೀಜ ನಿನ್ನ ಸೋರೆಬುರುಡೆಯಲ್ಲೇ ಇದೆ. ಬರಲು ಮನಸ್ಸಿಲ್ಲದಿದ್ದರೆ ಅದನ್ನಾದರೂ ನಿನ್ನ ಬಾಯಿಂದ ಹೇಳು, ತಮ್ಮನ ಬಾಯಿಂದ ಬೇಡ.

ಮರಳುಗಾಡಿನಲ್ಲಿ ಹಾಗರಳ ಬಾಯಾರಿಕೆಗೆ ಬಾವಿ ತೋರಿಸಿದ ದೇವರು ನಿನ್ನನ್ನು ಕಾಪಾಡಲಿ. ನಿನ್ನ ಆ ಹಳೆಯ ತಲೆನೋವು ಕಡಿಮೆಯಾಗಲಿ, ಮನಸ್ಸಿಗೆ ಸಮಾಧಾನ ಸಿಗಲಿ.

ನಿನ್ನ ಅಕ್ಕ,
ರಿಸ್ಪಾ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಅಡೋಯೊ ವಿಷಯ ಬರೆಯಲು ಹಿಂಜರಿದೆ, ಅದಕ್ಕೇ ಕೊನೆಗೆ ಉಳಿಸಿಕೊಂಡೆ. ನಿನ್ನೆ ಅವಳು ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡಳು. "ಅಮ್ಮಾ" ಅಂತ ಅಳುತ್ತಾ ನನ್ನ ಹತ್ತಿರ ಓಡಿಬಂದಳು. ದೊಡ್ಡಮ್ಮ ಅನ್ನಲಿಲ್ಲ. ಆ ಒಂದು ಕೂಗಿಗಾಗಿ ನಾನು ಎಷ್ಟು ವರ್ಷ ಮೊಣಕಾಲೂರಿದ್ದೆ ಅಂತ ನಿನಗೆ ಗೊತ್ತು. ನಾನು "ಏನಮ್ಮಾ" ಅಂತ ಓಗೊಟ್ಟೆ, ಟುರುಫೇನ. ಸಂತೋಷವೂ ಆಯಿತು. ನನಗೆ ಅದು ಅಭ್ಯಾಸವಾಗುವ ಮುಂಚೆ ಬಂದುಬಿಡು.